ತಟ್ಟಿಯ ಆಚೆ, ಈಚೆ

ನಮ್ಮ ಹೈಸ್ಕೂಲಿನ ದೊಡ್ಡ ಹಾಲಿಗೆ ಒಳಗೋಡೆಗಳಿರಲಿಲ್ಲ. ಕೆಂಪುಕಲ್ಲಿನ ಹೊರಗೋಡೆ, ಮೇಲೆ ಮಂಗಳೂರು ಹಂಚು, ಒಳಗೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಯಲು. ಅದನ್ನು ಬಿದಿರಿನ ತಟ್ಟಿಗಳಿಂದ ಅಡ್ಡಗಟ್ಟಿ ನಾಲ್ಕು ಕ್ಲಾಸು ಮಾಡಿದ್ದರು. ಎ ಮತ್ತು ಬಿ ಡಿವಿಜನ್ ಮಲಯಾಳ, ಸಿ ಮತ್ತು ಡಿ ಕನ್ನಡ. 1983ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಸೇರಿದಾಗ ನನಗೆ ಸಿ ಡಿವಿಜನ್ನಿನಲ್ಲಿ, ಬಿ ಡಿವಿಜನ್ನಿಗೆ ತಾಗಿದ ತಟ್ಟಿಯ ಪಕ್ಕದ ಬೆಂಚು ಸಿಕ್ಕಿತು. ಕ್ಲಾಸು ಬದಲಾದರೂ ಆ ಬೆಂಚನ್ನು ನಾನು ಬಿಟ್ಟುಕೊಡಲಿಲ್ಲ. ಹಾಗೆ ಮೂರು ವರ್ಷ ಎರಡು ಶಾಲೆಗಳಲ್ಲಿ ಒಟ್ಟಿಗೇ ಕಲಿತೆ. ಎದುರಿನ ಕರಿಹಲಗೆಯಲ್ಲಿ ಕನ್ನಡ, ಎಡಗಿವಿಯಲ್ಲಿ ಮಲಯಾಳ.

ಶಾಲೆ ಇದ್ದದ್ದು ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ರಸ್ತೆಯ ಪಕ್ಕದ ಗುಡ್ಡದಲ್ಲಿ. ಮದ್ರಾಸ್ ಪ್ರಾಂತ್ಯದ ಕಾಲದ ಕಟ್ಟಡ ಅದು. ಕಟ್ಟಿದವರ ಕಣ್ಣಿಗೆ ಅದು ದಕ್ಷಿಣ ಕನ್ನಡದ ಶಾಲೆ. 1956ರ ನವೆಂಬರ್ 1ಕ್ಕೆ ಅದು ಕೇರಳದ ಶಾಲೆಯಾಯಿತು. ಕಟ್ಟಡ ಅಲ್ಲಾಡಲಿಲ್ಲ, ರಾಜ್ಯ ಬದಲಾಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ವರದಿ ಕೊಟ್ಟಿತ್ತು. ನಾವಿದ್ದದ್ದು ಆ ಉತ್ತರಭಾಗದಲ್ಲೇ. ನಾವು ಕಲಿಯುವ ಹೊತ್ತಿಗೆ ಆ ವರದಿಗೆ ಹದಿನಾರು ವರ್ಷ. ನಮ್ಮ ಹಿರಿಯರು ಇನ್ನೂ ಅದರ ಮಾತಾಡುತ್ತಿದ್ದರು, ಕೋರ್ಟಿನಲ್ಲಿ ಬಾಕಿ ಉಳಿದ ಆಸ್ತಿಯ ವ್ಯಾಜ್ಯದ ಮಾತಾಡುವ ಹಾಗೆ.

ಕನ್ನಡ ಡಿವಿಜನ್ ಎಂದು ಹೆಸರು. ನಮ್ಮ ಕ್ಲಾಸಿನಲ್ಲಿ ನಲವತ್ತರ ಮೇಲೆ ಮಕ್ಕಳಿದ್ದೆವು. ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ಒಬ್ಬರೂ ಇರಲಿಲ್ಲ. ನನ್ನದು ತುಳು. ಅಡಿಕೆ ತೋಟದ ಮನೆಗಳಿಂದ ಬರುವ ಹವ್ಯಕರ ಮಕ್ಕಳದ್ದು ಅವರದೇ ಕನ್ನಡ, ಅವರವರೇ ಮಾತಾಡಿಕೊಂಡರೆ ನಮಗೆ ಅರ್ಧ ತಿಳಿಯುತ್ತಿರಲಿಲ್ಲ. ಕರಾಡರ ಮನೆಯಲ್ಲಿ ಮರಾಠಿಗೆ ಹತ್ತಿರದ ಒಂದು ಮಾತು, ಮರಾಟಿ ನಾಯ್ಕರ ಮನೆಯಲ್ಲಿ ಇನ್ನೊಂದು. ಪೇಟೆಯಲ್ಲಿ ಅಂಗಡಿ ಇಟ್ಟವರ ಕೊಂಕಣಿ ಬೇರೆ, ಬೇಳದ ಇಗರ್ಜಿಗೆ ಹೋಗುವವರ ಕೊಂಕಣಿ ಬೇರೆ. ಮುಸ್ಲಿಂ ಮಕ್ಕಳದ್ದು ಬ್ಯಾರಿಯೋ ಮಾಪಿಳ್ಳೆ ಮಲಯಾಳವೋ ಎಂದು ನಮಗೆ ಬೇರ್ಪಡಿಸಲು ಬಾರದ ಮಾತು. ಉಪ್ಪಳದಿಂದ ಬಂದು ಅಜ್ಜಿಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗನದ್ದು ಉರ್ದು. ಇಂಟರ್ವಲ್ ಬೆಲ್ಲು ಹೊಡೆದ ಕೂಡಲೇ ಕನ್ನಡ ಬೆಂಚಿನ ಮೇಲೆಯೇ ಉಳಿಯುತ್ತಿತ್ತು. ಬಯಲಿಗೆ ಇಳಿದರೆ ಎಲ್ಲರದ್ದೂ ತುಳು. ಮಲಯಾಳ ಡಿವಿಜನ್ನಿನವರು ಚೆಂಡು ಕೇಳುವಾಗಲೂ ತುಳುವಿನಲ್ಲೇ ಕೇಳುತ್ತಿದ್ದರು.

ಕನ್ನಡ ಪಂಡಿತರು ಇದನ್ನು ಒಂದು ದಿನ ನಮ್ಮ ಮುಂದೆ ಬಿಡಿಸಿ ಇಟ್ಟರು. ಅಂದು ಮಂಜೇಶ್ವರದ ಗೋವಿಂದ ಪೈಗಳ ಪದ್ಯ ಪಾಠ. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದನ್ನು ಹೇಳಿ, ಕನ್ನಡಕ ತೆಗೆದು ಕೇಳಿದರು:

“ಪೈಗಳ ಮನೆಯಲ್ಲಿ ಯಾವ ಭಾಷೆ, ಹೇಳಿ ನೋಡುವಾ?”

ಕೊಂಕಣಿ ಹುಡುಗಿಯೊಬ್ಬಳು ನಾಚಿಕೊಂಡೇ ಹೇಳಿದಳು, “ಕೊಂಕಣಿ, ಮಾಷ್ಟ್ರೇ.”

“ಕಯ್ಯಾರ ಕಿಞ್ಞಣ್ಣ ರೈಗಳದ್ದು?”

“ತುಳು” ಎಂದು ನಾವೆಲ್ಲ ಕೂಗಿದೆವು. ಕವಿ ಕಯ್ಯಾರರು ಪೆರಡಾಲದ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದವರು. ನಮ್ಮ ಕೆಲವರ ಮನೆಯಲ್ಲಿ ಅವರಲ್ಲಿ ಕಲಿತ ಮಾವಂದಿರು, ಚಿಕ್ಕಪ್ಪಂದಿರು ಇದ್ದರು.

“ಹಾಗಾದರೆ ಈ ನೆಲದಲ್ಲಿ ಕನ್ನಡ ಯಾರ ಮನೆಯದ್ದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಂಡಿತರು ಪದ್ಯಕ್ಕೆ ಇಳಿದರು. ನನಗೆ ಆ ಪ್ರಶ್ನೆಯ ತೂಕ ಅಂದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಮುಂದೆ ಹೇಳಲಿರುವ ಒಂದು ತಪ್ಪು ನನ್ನಿಂದ ಆಗುತ್ತಿರಲಿಲ್ಲವೇನೋ.

ದಿನಕ್ಕೆ ಒಂದು ಪಿರಿಯಡ್‌ನಲ್ಲಿ ಇಡೀ ಶಾಲೆ ಕಲಸಿಹೋಗುತ್ತಿತ್ತು. ಅದು ಪ್ರಥಮ ಭಾಷೆಯ ಪಿರಿಯಡ್. ಮಲಯಾಳ, ಕನ್ನಡ, ಅರಬಿ, ಸಂಸ್ಕೃತ ಇವುಗಳಲ್ಲಿ ಒಂದನ್ನು ತೆಗೆದುಕೊಳ್ಳಬಹುದಿತ್ತು. ಬೆಲ್ಲು ಹೊಡೆದರೆ ನಾಲ್ಕೂ ಡಿವಿಜನ್ನಿನ ಅರಬಿ ಮಕ್ಕಳು ಪುಸ್ತಕ ಎದೆಗವಚಿಕೊಂಡು ಮುನ್ಷಿಯವರ ಕೋಣೆಗೆ ಓಡುವರು, ಸಂಸ್ಕೃತದವರು ಲ್ಯಾಬಿನ ಪಕ್ಕದ ಜಗಲಿಗೆ. ಮಲಯಾಳ ಡಿವಿಜನ್ನಿನ ಮಾರಾರರ ಹುಡುಗ ಮತ್ತು ನಮ್ಮ ಡಿವಿಜನ್ನಿನ ಭಟ್ಟರ ಹುಡುಗ ಒಂದೇ ಚಾಪೆಯಲ್ಲಿ ಕೂತು ರಾಮಶಬ್ದ ಹೇಳುವರು. ಇಬ್ಬರ ಉಚ್ಚಾರಣೆಯೂ ಬೇರೆ, ಟೀಚರದ್ದು ಮೂರನೆಯದು. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ. ಮುಸ್ಲಿಂ ಹುಡುಗರು ಜುಮಾಕ್ಕೆ ಹೋಗಿ ಬರುವ ತನಕ ನಮಗೆ ಗೇರುಮರದ ಕೆಳಗೆ ಆಟ. ಅವರು ಬರುವಾಗ ತಲೆಯ ಮೇಲೆ ತಳಂಗೆರೆಯ ಕಸೂತಿ ಟೊಪ್ಪಿ, ಬೆಲ್ಲಾದ ಕೂಡಲೇ ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ. ಆ ಮಡಿಕೆ ಹಾಕುವುದನ್ನು ನಾನು ಕಣ್ಣು ಕೀಲಿಸಿ ನೋಡುತ್ತಿದ್ದೆ. ಅಷ್ಟು ಜಾಗ್ರತೆಯಿಂದ ಏನನ್ನಾದರೂ ಮಡಚುವ ಹುಡುಗರನ್ನು ನಾನು ಬೇರೆ ಕಂಡಿಲ್ಲ.

ನನ್ನ ಬೆಂಚಿನ ಗೆಳೆಯ ಅವರಲ್ಲೊಬ್ಬ. ಅವನ ಬಾಪ ದುಬೈಯಲ್ಲಿದ್ದರು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಕೋಣೆಯ ಜೊತೆಗಾರ ಯಾರೋ ಮಲಯಾಳದಲ್ಲಿ ಬರೆದುಕೊಟ್ಟ ಕಾಗದ. ಅವನ ಉಮ್ಮನಿಗೆ ಓದಲು ಬಾರದು. ಇವನು ಕನ್ನಡ ಮೀಡಿಯಂ, ಇವನಿಗೂ ಮಲಯಾಳ ಅಕ್ಷರ ಬಾರದು. ಮನೆಮಾತಿಗೆ ಅಷ್ಟು ಹತ್ತಿರದ ಭಾಷೆ ಅಕ್ಷರವಾಗಿ ಬಂದಾಗ ಅಪರಿಚಿತ. ಅವನು ಕಾಗದವನ್ನು ಶಾಲೆಗೆ ತಂದು ತಟ್ಟಿಯ ಸಂದಿನಿಂದ ಬಿ ಡಿವಿಜನ್ನಿಗೆ ತೂರಿಸುತ್ತಿದ್ದ. ಅಲ್ಲಿ ಒಬ್ಬ ಹುಡುಗ, ಸಾಲಿಯರ ಮನೆಯವನು, ಮಧ್ಯಾಹ್ನ ಬಂದು ಓದಿ ಹೇಳುತ್ತಿದ್ದ. ಹೇಳುವಾಗ ದನಿ ತಗ್ಗಿಸುತ್ತಿದ್ದ. ಕಳಿಸಿದ ಹಣದ ಮೊತ್ತ ಬರುವಲ್ಲಿ ನನ್ನ ಕಡೆ ನೋಡುತ್ತಿದ್ದ, ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಯಾರೂ ಕಲಿಸಿಕೊಟ್ಟದ್ದಲ್ಲ ಅದು. ಹತ್ತನೇ ಕ್ಲಾಸಿಗೆ ಬರುವಾಗ ನನ್ನ ಗೆಳೆಯ ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು ನೋಡಿ ನೋಡಿ ಮಲಯಾಳ ಓದಲು ಕಲಿತಿದ್ದ. ಅವನೇ ಸ್ವಂತ ಓದಿದ ಮೊದಲ ಕಾಗದದಲ್ಲಿ ಬಾಪ ಎರಡು ವರ್ಷ ಊರಿಗೆ ಬರಲಾಗುವುದಿಲ್ಲ ಎಂದು ಬರೆದಿದ್ದರು.

1984ರ ಮೇ 24ಕ್ಕೆ ಕಾಸರಗೋಡು ಜಿಲ್ಲೆಯಾಯಿತು. ಅಲ್ಲಿಯ ತನಕ ನಾವು ಕಣ್ಣೂರು ಜಿಲ್ಲೆಯವರು. ಜೂನ್‌ನಲ್ಲಿ ಶಾಲೆ ತೆರೆದಾಗ ಗೇಟಿನ ಬೋರ್ಡಿನಲ್ಲಿ ಕಣ್ಣೂರು ಎಂಬುದರ ಮೇಲೆ ನೀಲಿ ಬಣ್ಣ ಬಳಿದಿತ್ತು, ಕಾಸರಗೋಡು ಎಂದು ಇನ್ನೂ ಬರೆದಿರಲಿಲ್ಲ. ಮಳೆ ಶುರುವಾಗಿ ಪೈಂಟರ್ ಬರದೆ ಆ ಜಾಗ ಎಷ್ಟೋ ವಾರ ಖಾಲಿಯೇ ಉಳಿಯಿತು. ನಮ್ಮೂರಿನ ಚರಿತ್ರೆ ಯಾರಾದರೂ ಕೇಳಿದರೆ ನನಗೆ ಆ ಬೋರ್ಡೇ ನೆನಪಾಗುತ್ತದೆ.

ನವೆಂಬರ್ 1 ಬಂದರೆ ನಮ್ಮ ಹಾಲಿನೊಳಗೆ ಒಂದು ಬಿಗಿ. ಕೇರಳ ಹುಟ್ಟಿದ ದಿನವೂ ಅದೇ, ಕನ್ನಡ ರಾಜ್ಯೋತ್ಸವವೂ ಅದೇ. ಶಾಲೆಯಲ್ಲಿ ಕೇರಳದ ಆಚರಣೆ. ನಮ್ಮಲ್ಲಿ ಕೆಲವರ ಮನೆಯಲ್ಲಿ ಆ ದಿನವನ್ನು ದುಃಖದ ದಿನವೆಂದು ಎಣಿಸುವ ಅಜ್ಜಂದಿರು. ಎಂಟನೇ ಕ್ಲಾಸಿನಲ್ಲಿ ಸಭೆಗೆ ಹೋಗಬೇಕೋ ಬೇಡವೋ ಎಂದು ನಾವು ಪಿಸುಗುಟ್ಟಿದ್ದೆವು. ತಟ್ಟಿಯ ಆಚೆಯವರು ಪಾಯಸ ಇದೆ ಎಂದರು, ಹೋದೆವು. ಮರುವರ್ಷ ಯಾವ ಸಭೆಯೂ ಇರಲಿಲ್ಲ. ಹಿಂದಿನ ದಿನವಷ್ಟೇ ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು. ಶಾಲೆಗೆ ಬೀಗ. ಗೇಟಿನ ಹೊರಗೆ ಎರಡೂ ಡಿವಿಜನ್ನಿನವರು ರೇಡಿಯೊ ಇದ್ದ ಚಹಾದಂಗಡಿಯ ಎದುರು ನಿಂತು, ಯಾವ ಭಾಷೆಯ ವಾರ್ತೆ ಬಂದರೂ ಒಬ್ಬರಿಗೊಬ್ಬರು ಅರ್ಥ ಹೇಳಿದೆವು.

ಇನ್ನು ನಮ್ಮ ಕ್ಲಾಸಿನ ಒಬ್ಬ ಹುಡುಗಿಯ ವಿಷಯ. ಹೆಸರು ಬರೆಯಲು ಒಪ್ಪಿಗೆ ಕೇಳಿಲ್ಲ, ಅವಳು ಎಂದೇ ಬರೆಯುತ್ತೇನೆ. ಅವಳ ಅಪ್ಪ ಪಯ್ಯನ್ನೂರಿನ ಕಡೆಯಿಂದ ಕೆಂಪುಕಲ್ಲು ಕಡಿಯುವ ಕೆಲಸಕ್ಕೆ ಬಂದು ನಮ್ಮ ಗುಡ್ಡದ ಹಿಂದೆ ಮನೆ ಮಾಡಿದವರು. ಮನೆಗೆ ಹತ್ತಿರ ಇದ್ದದ್ದು ಒಂದು ಕನ್ನಡ ಎಲ್.ಪಿ. ಶಾಲೆ. ಮಲಯಾಳ ಶಾಲೆಗೆ ಹೋಗಬೇಕಾದರೆ ಮಳೆಗಾಲದಲ್ಲಿ ತೋಡು ದಾಟಬೇಕು. ತೋಡು ದಾಟುವುದು ಬೇಡ ಎಂದು ಮನೆಯವರು ಐದು ವರ್ಷದ ಮಗುವನ್ನು ಕನ್ನಡ ಶಾಲೆಗೆ ಬಿಟ್ಟರು. ಅವಳು ಕನ್ನಡದವಳಾದದ್ದು ಹಾಗೆ. ಒಂಬತ್ತನೇ ಕ್ಲಾಸಿಗೆ ಬರುವಾಗ ನಮ್ಮೆಲ್ಲರಿಗಿಂತ ಚೆನ್ನಾಗಿ ವ್ಯಾಕರಣ ಗೊತ್ತಿದ್ದವಳು ಅವಳು. ಸಂಜೆ ಮನೆಯಲ್ಲಿ ಅಮ್ಮನ ಜೊತೆ ಬೀಡಿ ಕಟ್ಟುತ್ತ, ಎದುರಿಗೆ ಪುಸ್ತಕ ಬಿಡಿಸಿಟ್ಟುಕೊಂಡು ಓದುತ್ತಿದ್ದಳಂತೆ. ಅವಳ ಪುಸ್ತಕಗಳು ತಂಬಾಕಿನ ವಾಸನೆ ಹೊಡೆಯುತ್ತಿದ್ದವು.

ಆ ವರ್ಷ ಗಣಿತಕ್ಕೆ ಕೋಟ್ಟಯಂ ಕಡೆಯ ಒಬ್ಬ ಮಾಷ್ ಬಂದರು. ಎಳೆಯ ವಯಸ್ಸು, ಮೊದಲ ನೌಕರಿ. ಕನ್ನಡದ ಒಂದು ಅಕ್ಷರ ಗೊತ್ತಿಲ್ಲ. ಕನ್ನಡ ಡಿವಿಜನ್ನಿಗೆ ಅವರನ್ನು ಯಾಕೆ ಹಾಕಿದರು ಎಂದು ಅವರೇ ನಮ್ಮನ್ನು ಕೇಳುವ ಮುಖ ಮಾಡಿಕೊಂಡು ನಿಂತಿದ್ದರು. ಅವರ ಮಲಯಾಳ ತಟ್ಟಿಯ ಆಚೆ ನಾನು ಕೇಳುವ ಮಲಯಾಳವೂ ಆಗಿರಲಿಲ್ಲ. ನಮ್ಮ ಕಡೆಯ ಮಲಯಾಳದ ಧಾಟಿ, ಶಬ್ದ ಎಲ್ಲ ಬೇರೆ, ಬಿ ಡಿವಿಜನ್ನಿನವರಿಗೂ ಅವರ ಮಾತು ಪೂರ್ತಿ ಹತ್ತುತ್ತಿರಲಿಲ್ಲ. ಲೆಕ್ಕ ಬಿಡಿಸಿ ತಿರುಗಿ “ಮನಸ್ಸಿಲಾಯೋ?” ಎಂದು ಕೇಳುವರು. ಅರ್ಥವಾಯಿತೇ ಎಂದು ಅವರ ಪ್ರಶ್ನೆ. ಮನಸ್ಸಿಲ್ಲವೋ ಎಂದು ಕೇಳುತ್ತಿದ್ದಾರೆಂದು ಹಿಂದಿನ ಬೆಂಚಿನವರು “ಉಂಟು ಮಾಷೆ, ಉಂಟು” ಎನ್ನುವರು. ಬಡ್ಡಿಯ ಲೆಕ್ಕ ಬಂದಾಗ ಹತ್ತು ಶತಮಾನ ಬಡ್ಡಿ ಎಂದರು. ಮಲಯಾಳದಲ್ಲಿ ಶೇಕಡಾಕ್ಕೆ ಶತಮಾನ ಎನ್ನುತ್ತಾರೆ. ಸಾವಿರ ವರ್ಷ ಯಾರು ಬಡ್ಡಿ ಕಟ್ಟುವುದೆಂದು ನಾವು ಬಾಯಿಬಿಟ್ಟು ಕೂತೆವು.

ನಗುವುದಕ್ಕೆ ಒಳ್ಳೆಯದಿರಬಹುದು. ಆದರೆ ಓಣಂ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಗಣಿತದಲ್ಲಿ ಬಿದ್ದೆವು. ಕೃಷಿಯಿದ್ದ ಮನೆಯವರು ಟ್ಯೂಷನ್ನಿಗೆ ಹೋದರು. ಉಳಿದವರಿಗೆ ಅದು ಶಾಲೆ ಬಿಡಲು ಸಾಕಾಗುವ ಕಾರಣ. ರಜೆ ಕಳೆದು ಬಂದ ಮೊದಲ ದಿನ ಮಾಷ್ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, ಮಲಯಾಳದಲ್ಲಿ, ಇದನ್ನು ಕನ್ನಡದಲ್ಲಿ ಹೇಳಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಅವಳು ಎದ್ದು ನಿಂತಳು.

ಅಂದಿನಿಂದ ವರ್ಷ ಮುಗಿಯುವ ತನಕ ಗಣಿತದ ಪಿರಿಯಡ್‌ನಲ್ಲಿ ಅವಳು ಬೆಂಚಿನಲ್ಲಿ ಕೂರಲಿಲ್ಲ. ಹಲಗೆಯ ಬಲಗಡೆ ನಿಲ್ಲುವಳು. ಮಾಷ್ ಆರಂ ಎಂದರೆ ತ್ರಿಜ್ಯ ಎನ್ನುವಳು, ತ್ರಿಕೋಣಂ ಎಂದರೆ ತ್ರಿಭುಜ, ಸಮವಾಕ್ಯಂ ಎಂದರೆ ಸಮೀಕರಣ. ಮೊದಲು ಶಬ್ದಕ್ಕೆ ಶಬ್ದ ಹೇಳುತ್ತಿದ್ದಳು. ಒಂದು ತಿಂಗಳು ಕಳೆಯುವಾಗ ಮಾಷ್ ಹೇಳುವ ಮೊದಲೇ ಮುಂದಿನ ಹೆಜ್ಜೆ ಹೇಳುತ್ತಿದ್ದಳು. ನಮಗೆ ಹೊಳೆಯದ ಕಡೆ ನಿಲ್ಲಿಸಿ, ಮಾಷಿನ ಕಡೆ ತಿರುಗಿ, ಅದನ್ನು ಇನ್ನೊಮ್ಮೆ ಎನ್ನುತ್ತಿದ್ದಳು. ಮಾಷ್ ಒಂದು ಸಣ್ಣ ಪುಸ್ತಕದಲ್ಲಿ ಅವಳು ಹೇಳಿದ ಕನ್ನಡ ಶಬ್ದಗಳನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಕ್ರಿಸ್ಮಸ್ ಪರೀಕ್ಷೆ ಕಳೆದ ಮೇಲೆ ಅವರೇ ಧೈರ್ಯ ಮಾಡಿ “ಅರ್ಥ ಆಯ್ತಾ?” ಎಂದು ಕೇಳಿದಾಗ ಕ್ಲಾಸು ಕೈ ತಟ್ಟಿತು. ನಾನು ಗಣಿತದಲ್ಲಿ ಪಾಸಾದದ್ದು ಅವಳಿಂದ. ಹದಿನಾಲ್ಕು ವರ್ಷದ ಹುಡುಗಿಯ ಹೆಗಲಿಗೆ ಒಂದು ಕ್ಲಾಸಿನ ಗಣಿತವನ್ನು ಹೊರಿಸಿದ್ದು ಸರಿಯೋ ಎಂದು ಈಗ ಕೇಳಿಕೊಳ್ಳುತ್ತೇನೆ. ಆಗ ಯಾರೂ ಕೇಳಲಿಲ್ಲ.

ಕೇಳದೆ ಬಿಟ್ಟದ್ದು ಅದೊಂದೇ ಅಲ್ಲ. ನಮ್ಮ ಕ್ಲಾಸಿನಲ್ಲಿ ಕೊರಗ ಸಮುದಾಯದ ಒಬ್ಬ ಹುಡುಗನಿದ್ದ. ಅವನ ಮನೆಯವರು ಕಾಡುಬಳ್ಳಿ ತಂದು ಹೆಡಿಗೆ, ಬುಟ್ಟಿ ಹೆಣೆದು ಮನೆಮನೆಗೆ ಕೊಡುವವರು. ನಮ್ಮ ಮನೆಯ ಭತ್ತದ ಹೆಡಿಗೆಯೂ ಅವರದ್ದೇ. ಅವನು ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಕೂರಿಸಿದರೋ ಅವನೇ ಕೂತನೋ ನಾನು ಗಮನಿಸಿರಲಿಲ್ಲ. ವರ್ಷಕ್ಕೊಮ್ಮೆ ಪ್ಯೂನ್ ಬಂದು ಲಂಪ್‌ಸಮ್ ಗ್ರಾಂಟಿಗೆ ಸಹಿ ಹಾಕಬೇಕು ಎಂದು ಹೆಸರು ಕೂಗಿದಾಗ ಮಾತ್ರ ಎಲ್ಲರೂ ಅವನ ಕಡೆ ತಿರುಗುತ್ತಿದ್ದೆವು. ಅವನು ತಲೆ ತಗ್ಗಿಸಿಕೊಂಡು ಹೋಗಿ ಬರುತ್ತಿದ್ದ.

ಒಂಬತ್ತನೇ ಕ್ಲಾಸಿನ ಮಳೆಗಾಲದಲ್ಲಿ ನನ್ನ ಪಕ್ಕದ ತಟ್ಟಿ ಕೆಳಗಿನಿಂದ ಮುರಿದು ಬಿತ್ತು. ಕಟ್ಟಿಸಲು ಹಣವಿಲ್ಲ ಎಂದರು. ಒಬ್ಬ ಮಾಷ್ಟ್ರು ಕ್ಲಾಸಿಗೆ ಬಂದು ನೇರ ಅವನ ಕಡೆ ಕೈ ತೋರಿಸಿ, “ನಿನಗೆ ಗೊತ್ತುಂಟಲ್ಲ, ಸರಿ ಮಾಡು” ಎಂದರು. ಅವನು ಎರಡು ದಿನ ಕೂತು ತಟ್ಟಿ ಹೆಣೆದ. ಬಿದಿರ ಸೀಳು ಅವನ ಬೆರಳುಗಳ ನಡುವೆ ಹಾವಿನ ಹಾಗೆ ಹರಿಯುವುದನ್ನು ಎರಡೂ ಕಡೆಯ ಮಕ್ಕಳು ನೋಡಿದೆವು. ಎಷ್ಟು ಚೆಂದ ಹೆಣೆದ ಎಂದರೆ ಉಳಿದ ತಟ್ಟಿಗಳು ಹಳೆಯ ಚಾಪೆಯ ಹಾಗೆ ಕಂಡವು. ಆ ಎರಡು ದಿನದ ಪಾಠಗಳು ಅವನ ಬೆನ್ನ ಹಿಂದೆ ನಡೆದವು. ಅವನಿಗೆ ಪಾಠ ತಪ್ಪಿತು ಎಂದು ನಮಗೆ ಅನ್ನಿಸಲೇ ಇಲ್ಲ, ಅದನ್ನು ಇಲ್ಲಿ ಬರೆಯಲು ಈಗಲೂ ಕೈ ತಡೆಯುತ್ತದೆ. ಅವಳೊಬ್ಬಳು ಆ ಎರಡು ದಿನದ ನೋಟ್ಸನ್ನು ಬೇರೆ ಕಾಗದದಲ್ಲಿ ಬರೆದು ಅವನ ಬೆಂಚಿನ ಮೇಲೆ ಇಟ್ಟದ್ದನ್ನು ನಾನು ಕಂಡಿದ್ದೆ.

ನಮ್ಮ ಊರನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಭಾಷಣಗಳಲ್ಲಿ ಬೆರಳು ಮಡಚಿ ಎಣಿಸುತ್ತಾರೆ. ಕೊರಗರಿಗೆ ಅವರದೇ ಭಾಷೆಯಿದೆ, ಅದು ತುಳುವಲ್ಲ. ಆ ಏಳರಲ್ಲಿ ಅದು ಬರುವುದಿಲ್ಲ. ಎರಡು ವರ್ಷದಲ್ಲಿ ಅವನ ಭಾಷೆಯ ಒಂದು ಶಬ್ದವನ್ನೂ ನಾನು ಕೇಳಲಿಲ್ಲ, ಕೇಳಬೇಕೆಂದು ತೋರಲೂ ಇಲ್ಲ. ಒಂಬತ್ತನೇ ಕ್ಲಾಸಿನ ಕೊನೆಗೆ ಅವನು ಬರುವುದು ನಿಂತಿತು. ಹಾಜರಿ ಕರೆಯುವಾಗ ಕೆಲವು ದಿನ ಅವನ ಹೆಸರಿನ ಮೇಲೆ ದನಿ ನಿಲ್ಲುತ್ತಿತ್ತು, ಆಮೇಲೆ ಅದೂ ನಿಂತಿತು. ತಟ್ಟಿ ಉಳಿಯಿತು.

ಹತ್ತನೇ ಕ್ಲಾಸಿನಲ್ಲಿ ಪಂಡಿತರು ಹಳಗನ್ನಡ ತೆಗೆದರು. ಮೊದಲ ದಿನ ಹಲಗೆಯ ಮೇಲೆ ೞ ಎಂದು ದೊಡ್ಡದಾಗಿ ಬರೆದರು. ಈ ಅಕ್ಷರ ಕನ್ನಡದಿಂದ ಹೋಗಿ ಎಷ್ಟೋ ಶತಮಾನ ಆಯಿತು, ಹದಿಮೂರನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನಿಗೇ ಜನ ಇದನ್ನು ಬೇರೆ ಅಕ್ಷರಗಳ ಜೊತೆ ಕಲಸುತ್ತಿದ್ದಾರೆ ಎನ್ನಿಸಿ, ೞ ಬರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟ ಎಂದು ವಿವರಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು, “ಇದನ್ನು ಹೇಗೆ ಉಚ್ಚರಿಸುವುದೆಂದು ನನ್ನ ನಾಲಿಗೆಗೂ ಸರಿ ಬರುವುದಿಲ್ಲ” ಎಂದರು. ಅವರು ಹಲಗೆಯಲ್ಲಿ ಮೞೆ ಎಂದು ಬರೆದರು. ಕೋೞಿ, ಬಾೞೆ, ಏೞು ಎಂದು ಬರೆದರು. ನಾವು ಮಳೆ ಎಂದೆವು, ಮರೆ ಎಂದೆವು, ಒಬ್ಬ ಮಯೆ ಎಂದ.

ಅವಳು ಕೂತಲ್ಲಿಂದಲೇ ಹೇಳಿದಳು. ಮೞೆ. ಕೋೞಿ. ಬಾೞೆ. ಏೞು. ನಾಲಿಗೆಯ ತುದಿ ಒಳಕ್ಕೆ ಮಡಚಿ, ಎಲ್ಲಿಯೂ ತಾಗದೆ ತೇಲಿ ಬಂದ ಸ್ವರ. ಅವಳ ಮನೆಯಲ್ಲಿ ದಿನಾ ಹೇಳುವ ಶಬ್ದಗಳು ಅವು. ಮಲಯಾಳದಲ್ಲಿ ಕೆಲವದರ ಕೊನೆಯ ಸ್ವರ ಒಂದಿಷ್ಟು ಬೇರೆ, ಬಾೞೆಯ ಬಕಾರಕ್ಕೆ ವಕಾರ, ಅಷ್ಟೇ. ಪಂಡಿತರು ಸೀಮೆಸುಣ್ಣ ಕೆಳಗಿಟ್ಟರು. ಇನ್ನೊಮ್ಮೆ ಹೇಳಮ್ಮಾ ಎಂದರು. ಇನ್ನೊಮ್ಮೆ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು. ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿದ ಮನುಷ್ಯ, ಪಂಪನ ಬಾಯಲ್ಲಿ ಆ ಅಕ್ಷರ ಹೇಗೆ ಕೇಳಿಸಿರಬಹುದು ಎಂಬುದನ್ನು ಕಲ್ಲು ಕಡಿಯ ಬಂದವರ ಮಗಳ ಬಾಯಲ್ಲಿ ಕೇಳುತ್ತಿದ್ದರು. ತಟ್ಟಿಯ ಆಚೆಯೂ ಪಾಠ ನಿಂತಿತ್ತು. ಅಲ್ಲಿಂದ ಯಾರೋ “ಮೞ!” ಎಂದು ಕೂಗಿದರು, ಹೊರಗೆ ನಿಜವಾಗಿಯೂ ಮಳೆ ಬರುತ್ತಿದೆ ಎಂದು.

ಇಷ್ಟಾದ ಮೇಲೆ ನಾನು ಮಾಡಿದ್ದನ್ನು ಹೇಳಬೇಕು. ಅದೇ ವರ್ಷ ಉಪಜಿಲ್ಲಾ ಯುವಜನೋತ್ಸವಕ್ಕೆ ಕನ್ನಡ ಪದ್ಯ ಕಂಠಪಾಠಕ್ಕೆ ಒಬ್ಬರನ್ನು ಆರಿಸಬೇಕಿತ್ತು. ಶಾಲೆಯ ದಿನಗಳಲ್ಲಿ ಅದಕ್ಕಿಂತ ಗದ್ದಲದ ವಾರ ಇರಲಿಲ್ಲ. ಒಂದು ತಟ್ಟಿಯ ಈಚೆ ಯಕ್ಷಗಾನದ ಹುಡುಗರು ಹೆಜ್ಜೆ ಕಲಿಯುವರು, ಆಚೆ ಒಪ್ಪನದ ಹುಡುಗಿಯರು ಚಪ್ಪಾಳೆ ತಟ್ಟುವರು. ಚೆಂಡೆಯ ಪೆಟ್ಟಿಗೆ ಅವರ ಚಪ್ಪಾಳೆ ತಾಳ ತಪ್ಪುವುದು, ಅವರ ಚಪ್ಪಾಳೆಗೆ ಇವರ ಹೆಜ್ಜೆ. ಆ ಗದ್ದಲದ ನಡುವೆ ಆಯ್ಕೆ. ಕಂಠಪಾಠಕ್ಕೆ ನಾವಿಬ್ಬರೇ, ಅವಳು ಮತ್ತು ನಾನು. ಅವಳು ಮೊದಲು ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಆದರೆ ಸಾಲಿನ ಕೊನೆಯ ಉಕಾರಗಳು ಅವಳ ಬಾಯಲ್ಲಿ ಅರ್ಧವಾಗುತ್ತಿದ್ದವು, ಮಲಯಾಳದಲ್ಲಿ ಆಗುವ ಹಾಗೆ. ನಾನು ನಕ್ಕೆ. ಒಬ್ಬನೇ ನಕ್ಕಿದ್ದರೆ ಅಡಗಿ ಹೋಗುತ್ತಿತ್ತು. ನಾನು ಪಕ್ಕದವನ ಕಡೆ ತಿರುಗಿ, ಅವಳ ಹಾಗೆ ಒಂದು ಸಾಲು ಹೇಳಿ ತೋರಿಸಿದೆ. ಹಿಂದಿನ ಸಾಲೆಲ್ಲ ನಕ್ಕಿತು. ಅವಳು ಪದ್ಯ ಮುಗಿಸಿಯೇ ಕೂತಳು. ಆರಿಸುತ್ತಿದ್ದ ಟೀಚರ್ ಉಚ್ಚಾರಣೆ ಮುಖ್ಯ ಎಂದು ನನ್ನನ್ನು ಕಳಿಸಿದರು. ಉಪಜಿಲ್ಲೆಯಲ್ಲಿ ನನಗೆ ಬಹುಮಾನ ಬರಲಿಲ್ಲ. ಅದು ದೊಡ್ಡ ವಿಷಯವಲ್ಲ.

ಕಾಲೇಜಿನಲ್ಲಿ ಭಾಷೆಯ ಪಾಠ ಕೇಳುವಾಗ ಗೊತ್ತಾಯಿತು: ಆ ಅರೆ ಉಕಾರ ತುಳುವಿನಲ್ಲೂ ಇದೆ. ನನ್ನ ಅಮ್ಮ ದಿನಕ್ಕೆ ನೂರು ಸಲ ಹೇಳುವ ಸ್ವರ ಅದು. ನಾನು ಶಾಲೆಯಲ್ಲಿ ಅದನ್ನು ಉಜ್ಜಿ ತೆಗೆದಿದ್ದೆ, ಅವಳು ತೆಗೆದಿರಲಿಲ್ಲ. ಕನ್ನಡ ನನಗೂ ಅವಳಿಗೂ ಒಂದೇ ಬೆಂಚಿನಲ್ಲಿ ಸಿಕ್ಕಿದ್ದು. ನಾನು ಅದನ್ನು ನನ್ನ ಮನೆಯ ಆಸ್ತಿ ಎಂದುಕೊಂಡು ಅವಳ ಮುಂದೆ ಬೇಲಿ ಹಾಕಿದೆ.

ಎಸ್.ಎಸ್.ಎಲ್.ಸಿ. ಕಳೆದು ನಾನು ಕಾಸರಗೋಡಿನ ಸರ್ಕಾರಿ ಕಾಲೇಜಿಗೆ, ಅಲ್ಲಿಂದ ಬ್ಯಾಂಕಿನ ಕೆಲಸಕ್ಕೆ, ಮಂಗಳೂರಿಗೆ. ಮೂರು ವರ್ಷದ ಹಿಂದೆ ನಮ್ಮ ಬ್ಯಾಚಿನ ಗೆಳೆಯರು ಶಾಲೆಯಲ್ಲಿ ಸೇರಿದೆವು. ಕರೆದವನು ಆ ಕಾಗದ ಓದುತ್ತಿದ್ದ ಬಿ ಡಿವಿಜನ್ನಿನ ಹುಡುಗ. ನನ್ನ ಬೆಂಚಿನ ಗೆಳೆಯ ದುಬೈಯಿಂದ ವಿಡಿಯೊದಲ್ಲಿ ಬಂದ, ಈಗ ಬಾಪನ ಜಾಗದಲ್ಲಿ ಅವನು. ಹಳೆಯ ಹಾಲ್ ಇರಲಿಲ್ಲ. ಕಾಂಕ್ರೀಟಿನ ಎರಡಂತಸ್ತು, ಕ್ಲಾಸಿಗೆ ಪ್ರೊಜೆಕ್ಟರ್, ನಡುವೆ ದಪ್ಪ ಗೋಡೆಗಳು. ಒಂದು ಕ್ಲಾಸಿನ ಪಾಠ ಇನ್ನೊಂದಕ್ಕೆ ಕೇಳಿಸುವುದಿಲ್ಲ. ಒಳ್ಳೆಯ ಕಟ್ಟಡ, ನಾವು ಅಂಥದ್ದರಲ್ಲಿ ಕಲಿಯಬೇಕಿತ್ತು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಎರಡಿದ್ದ ಕನ್ನಡ ಡಿವಿಜನ್ ಒಂದಾಗಿದೆ.

ಅವಳು ಬಂದಿದ್ದಳು. ಮುಳ್ಳೇರಿಯದ ಹತ್ತಿರ ಅಂಗನವಾಡಿ ಟೀಚರ್. ಮಗಳು ಇದೇ ಶಾಲೆಯ ಕನ್ನಡ ಡಿವಿಜನ್ನಿನಲ್ಲಿ ಕಲಿತಳಂತೆ. ನನ್ನ ಮಕ್ಕಳು ಮಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಕಲಿತರು. ಊಟದ ಎಲೆ ಹಾಕುವ ಮೊದಲು ಜಗಲಿಯಲ್ಲಿ ಅವಳ ಪಕ್ಕ ನಿಂತು, ಮನಸ್ಸಿನಲ್ಲಿ ಎಷ್ಟೋ ವರ್ಷದಿಂದ ಕಟ್ಟಿಟ್ಟಿದ್ದ ಮಾತನ್ನು ಹೇಳಿದೆ. ಅಂದು ಕಂಠಪಾಠದಲ್ಲಿ ನಕ್ಕದ್ದು ನಾನು, ಅಣಕಿಸಿದ್ದೂ ನಾನು ಎಂದೆ.

ಅವಳು ಸ್ವಲ್ಪ ಯೋಚಿಸಿದಳು. “ನಕ್ಕದ್ದು ನೆನಪುಂಟು. ಯಾರು ಅಂತ ನೆನಪಿರ್ಲಿಲ್ಲ” ಎಂದಳು. ಆ ಉಕಾರ ಹಾಗೆಯೇ ಇತ್ತು, ಅರ್ಧ. ಮತ್ತೆ ಗೋಡೆಗೆ ಒರಗಿ ನಿಂತು, ಬಂದವರನ್ನೆಲ್ಲ ಒಂದು ಸುತ್ತು ನೋಡಿ ಕೇಳಿದಳು:

“ಅವನು ಈಗ ಎಲ್ಲಿದ್ದಾನೆ ಅಂತ ನಿಮಗೆ ಗೊತ್ತುಂಟಾ? ನಮ್ಮ ತಟ್ಟಿ ಹೆಣೆದವನು?”

ಸುತ್ತ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಮೊಬೈಲಿನಲ್ಲಿ ಹತ್ತನೇ ಕ್ಲಾಸಿನ ಗ್ರೂಪ್ ಫೋಟೊ ತೆಗೆದು ದೊಡ್ಡದು ಮಾಡಿ ಹುಡುಕಿದರು. ಅವನು ಒಂಬತ್ತರಲ್ಲೇ ಬಿಟ್ಟವನು, ಆ ಫೋಟೊದಲ್ಲಿ ಇಲ್ಲ. ಎಂಟನೇ ಕ್ಲಾಸಿನಲ್ಲಿ ಫೋಟೊ ತೆಗೆದಿದ್ದರೇ ಎಂದು ಒಬ್ಬರು ಕೇಳಿದರು. ತೆಗೆದಿರಲಿಲ್ಲ. ಅವನ ಮನೆ ಯಾವ ಗುಡ್ಡದ ಕಡೆ ಎಂದು ಇನ್ನೊಬ್ಬರು ಕೇಳಿದರು. ಅವರ ಹೆಡಿಗೆ ನಮ್ಮ ಅಟ್ಟದಲ್ಲಿ ಇನ್ನೂ ಇದೆ, ಅಮ್ಮ ಅದರಲ್ಲಿ ಅಡಿಕೆ ಹಾಕಿಡುತ್ತಾರೆ. ಆದರೆ ಅದನ್ನು ತಂದುಕೊಟ್ಟವರು ಯಾವ ದಾರಿಯಿಂದ ಬರುತ್ತಿದ್ದರೆಂದು ನನಗೆ ಹೇಳಲಾಗಲಿಲ್ಲ. ಅವಳು ನನ್ನ ಉತ್ತರಕ್ಕೆ ಇನ್ನೂ ಕಾಯುತ್ತ ನಿಂತಿದ್ದಳು.